ಮಂಡ್ಯದ ಗೋಡೆ ಮೇಲೆ ಯಾರ ಹೆಸರು?

ಪ್ರಶ್ನೆ: ನಾನು ಮಂಡ್ಯದವನು. ಡಿಗ್ರಿ ಮುಗಿಸಿ, ಗೆಳೆಯರ ಜೊತೆ ಸೇರಿ ಒಂದು ಕಿರುಚಿತ್ರ ಮಾಡಲು ಹೊರಟಿದ್ದೇನೆ. ಹತ್ತನೇ ಕ್ಲಾಸು, ಪಿಯುಸಿ ಓದುವ ನಾಲ್ಕು ಹುಡುಗರ ಕಥೆ. ಮನೆಯಲ್ಲೂ ಕಾಲೇಜಿನಲ್ಲೂ ಯಾರ ಮಾತನ್ನೂ ಕೇಳದವರು. ರಾತ್ರಿ ಹೊತ್ತು ಸ್ಪ್ರೇ ಕ್ಯಾನ್ ಹಿಡಿದು ಗೋಡೆಗಳ ಮೇಲೆ ಗ್ರಾಫಿಟಿ ಬರೆಯುವ ಹುಚ್ಚು ಹತ್ತಿಸಿಕೊಳ್ಳುತ್ತಾರೆ. ಸ್ಕ್ರಿಪ್ಟ್ ಓದಿದವರೆಲ್ಲ ‘ಇದು ನ್ಯೂಯಾರ್ಕ್ ಕಥೆ, ಮಂಡ್ಯದಲ್ಲಿ ಯಾವನಪ್ಪಾ ಗ್ರಾಫಿಟಿ ಬರೀತಾನೆ’ ಅಂತ ನಗುತ್ತಾರೆ. ಪೊಲೀಸರು ಹಿಡಿಯುವ ದೃಶ್ಯ, ಕೊನೆಯ ದೃಶ್ಯ ಎರಡೂ ನನಗೇ ಒಪ್ಪಿಗೆಯಾಗುತ್ತಿಲ್ಲ. ಕಥೆ ಬಿಟ್ಟುಬಿಡಲಾ? ಇಲ್ಲಾ, ನಂಬಿಸುವ ದಾರಿ ಏನಾದರೂ ಇದೆಯಾ? ಸ್ಕ್ರಿಪ್ಟ್ ಜೊತೆಗೆ ಕಳಿಸಿದ್ದೇನೆ.

ಉತ್ತರ: ಕಥೆ ಬಿಡಬೇಡಿ. ಆದರೆ ನಿಮ್ಮ ಗೆಳೆಯರು ನಗುವುದರಲ್ಲೂ ತಪ್ಪಿಲ್ಲ. ಸ್ಕ್ರಿಪ್ಟ್ ಪೂರ್ತಿ ಓದಿದೆ. ನಿಮ್ಮ ಹುಡುಗರು ಏಪ್ರಿಲ್ ತಿಂಗಳಲ್ಲಿ, ಮಂಡ್ಯದ ಸೆಕೆಯಲ್ಲಿ, ತಲೆ ಮುಚ್ಚುವ ದಪ್ಪ ಜಾಕೆಟ್ ಹಾಕಿಕೊಂಡು ಓಡಾಡುತ್ತಾರೆ. ಒಬ್ಬನ ಕೈಯಲ್ಲಿ ಸ್ಕೇಟ್‌ಬೋರ್ಡ್ ಇದೆ. ಯಾವ ರಸ್ತೆಯಲ್ಲಿ ಓಡಿಸುತ್ತಾನೆ, ಗೊತ್ತಾಗಲಿಲ್ಲ. ನಾಯಕ ಗೋಡೆ ಮೇಲೆ ‘ಶ್ಯಾಡೋ’ ಅಂತ ಬರೆಯುತ್ತಾನೆ. ಎರಡನೇ ರಾತ್ರಿ ಭ್ರಷ್ಟಾಚಾರದ ವಿರುದ್ಧ ಘೋಷಣೆ ಬರೆಯುತ್ತಾನೆ. ನೀವು ಗ್ರಾಫಿಟಿಯ ಬಟ್ಟೆ ತಂದಿದ್ದೀರಿ, ಅದರೊಳಗಿನ ಹಸಿವನ್ನು ತಂದಿಲ್ಲ.

ಆ ಹಸಿವು ಯಾವುದು ಅಂತ ಮೊದಲು ನೋಡೋಣ. 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾ, ನ್ಯೂಯಾರ್ಕ್ ಹುಡುಗರು ಗೋಡೆ ಬರೆಯಲು ಶುರು ಮಾಡಿದಾಗ ಅವರು ಘೋಷಣೆ ಬರೆಯಲಿಲ್ಲ, ಚಿತ್ರವನ್ನೂ ಬರೆಯಲಿಲ್ಲ. ಹೆಸರು ಬರೆದರು. ಅಷ್ಟೇ. ನ್ಯೂಯಾರ್ಕ್‌ನಲ್ಲಿ ಟಾಕಿ ಅಂತ ಒಬ್ಬ ಹುಡುಗ. ಮನೆ ಇದ್ದದ್ದು 183ನೇ ಬೀದಿಯಲ್ಲಿ. ಊರೆಲ್ಲ ಸುತ್ತಿ ಪಾರ್ಸೆಲ್, ಕಾಗದ ಮುಟ್ಟಿಸುವ ಕೆಲಸ ಅವನದು. ಹೋದಲ್ಲೆಲ್ಲ ಮಾರ್ಕರ್‌ನಲ್ಲಿ ‘ಟಾಕಿ 183’ ಅಂತ ಗೀಚುತ್ತಾ ಹೋದ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ಬರೆಯಿತು. ಆಮೇಲೆ ಕೇಳಬೇಕಾ? ಊರ ತುಂಬ ಹೆಸರುಗಳು ಎದ್ದವು. ಗೋಡೆ ಸಾಲದೆ ರೈಲಿಗೆ ಹತ್ತಿದವು. ಅಲ್ಲಿಯ ಮೆಟ್ರೋ ಸಂಸ್ಥೆ ‘ಇನ್ನು ನಮ್ಮ ರೈಲುಗಳೆಲ್ಲ ಕ್ಲೀನ್’ ಅಂತ ಹೇಳುವಷ್ಟರಲ್ಲಿ 1989 ಆಗಿತ್ತು.

ಯಾರಿಗೂ ಲೆಕ್ಕಕ್ಕಿಲ್ಲದ ಹುಡುಗ ಲೆಕ್ಕಕ್ಕೆ ಬರುವ ಆಟ ಇದು. ಅದಕ್ಕಾಗಿಯೇ ನಿದ್ದೆಗೆಡುತ್ತಾನೆ, ಏಟು ತಿನ್ನುತ್ತಾನೆ. ಹದಿನಾರು ವರ್ಷದವನು ಭ್ರಷ್ಟಾಚಾರಕ್ಕಾಗಿ ರಾತ್ರಿ ಎರಡು ಗಂಟೆಗೆ ಏಳುವುದಿಲ್ಲ. ಅವನ ಹೆಸರಿಗಾಗಿ ಏಳುತ್ತಾನೆ.

ಈಗ ಮಂಡ್ಯಕ್ಕೆ ಬನ್ನಿ. ನಿಮ್ಮ ಊರಿನಲ್ಲಿ ಹೆಸರಿಗೇನು ಬರವೇ? ಯಾವ ಸರ್ಕಲ್‌ನಲ್ಲಿ ಬೇಕಾದರೂ ನಿಂತು ತಲೆ ಎತ್ತಿ. ಫ್ಲೆಕ್ಸ್. ನಾಯಕರ ಹುಟ್ಟುಹಬ್ಬ, ಊರಹಬ್ಬ, ಗಣೇಶ, ಸಿನಿಮಾ ರಿಲೀಸು, ತೀರಿಕೊಂಡವರಿಗೆ ಶ್ರದ್ಧಾಂಜಲಿ. ಮೇಲೆ ದೊಡ್ಡವರ ದೊಡ್ಡ ಮುಖ. ಕೆಳಗೆ ‘ಶುಭ ಕೋರುವವರು’ ಅಂತ ಒಂದು ಪಟ್ಟಿ. ಆ ಪಟ್ಟಿಯನ್ನು ಹತ್ತಿರ ಹೋಗಿ ನೋಡಿ, ನಿಮ್ಮ ಸಿನಿಮಾ ಅಲ್ಲಿದೆ. ಸಾಲಾಗಿ ಹುಡುಗರ ಫೋಟೋ. ಒಬ್ಬ ಕೂಲಿಂಗ್ ಗ್ಲಾಸ್ ಹಾಕಿದ್ದಾನೆ, ಇನ್ನೊಬ್ಬ ಮೊಬೈಲ್ ಕಿವಿಗಿಟ್ಟುಕೊಂಡು ಎಲ್ಲೋ ನೋಡುತ್ತಿದ್ದಾನೆ. ಜಾಸ್ತಿ ದುಡ್ಡು ಹಾಕಿದವನ ಮುಖ ದೊಡ್ಡದು. ಕಮ್ಮಿ ಕೊಟ್ಟವನದು ಸ್ಟ್ಯಾಂಪ್ ಸೈಜು. ಎರಡನೇ ಸಾಲಿನ ತುದಿಯವನ ಕಿವಿ ಕಟ್ ಆಗಿದೆ.

ಆ ಪಟ್ಟಿಯಲ್ಲಿ ಇಲ್ಲದವನು ನಿಮ್ಮ ನಾಯಕ. ದುಡ್ಡು ಕೊಟ್ಟಿಲ್ಲ, ಅಥವಾ ಕೊಟ್ಟರೂ ಹಾಕಿಲ್ಲ. ಮೊದಲ ಐದು ನಿಮಿಷದಲ್ಲಿ ಅವನು ಫ್ಲೆಕ್ಸ್ ಕೆಳಗೆ ನಿಂತು ತನ್ನ ಫೋಟೋ ಹುಡುಕುವುದನ್ನು ತೋರಿಸಿ. ಮಾತು ಬೇಡ. ಆಮೇಲೆ ಅವನು ಬ್ರಷ್ ಹಿಡಿದರೆ ಯಾರೂ ನ್ಯೂಯಾರ್ಕ್ ಕಥೆ ಅನ್ನುವುದಿಲ್ಲ.

ಇನ್ನೊಂದು ತಮಾಷೆ ನೋಡಿ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸೂ ಆ ಪಟ್ಟಿಯಲ್ಲಿತ್ತು. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗಗಳ ಅಂದ ಕೆಡಿಸಬಾರದು ಅಂತ 1981ರಷ್ಟು ಹಿಂದೆಯೇ ರಾಜ್ಯದಲ್ಲಿ ಒಂದು ಕಾನೂನು ಬಂದಿದೆ. ಅದರಲ್ಲಿ ಶಿಕ್ಷೆ ಆರು ತಿಂಗಳ ತನಕ ಜೈಲು, ಇಲ್ಲವೇ ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಅನುಮತಿ ಇಲ್ಲದ ಫ್ಲೆಕ್ಸು, ಪೋಸ್ಟರಿನ ಮಾತು ಬಂದಾಗಲೆಲ್ಲ ಇದೇ ಕಾನೂನಿನ ಹೆಸರು ಕೇಳಿಬರುತ್ತದೆ. ಹುಡುಗನ ಹೆಸರಿಗೂ ಅದೇ, ನಾಯಕರ ಮುಖಕ್ಕೂ ಅದೇ. ಯಾರನ್ನು ಹಿಡಿಯುತ್ತಾರೆ ಅನ್ನುವುದು ನಿಮ್ಮ ಕಥೆ. ಇದನ್ನು ಮಾತಿನಲ್ಲಿ ಹೇಳಿಸಬೇಡಿ ಮಾತ್ರ. ನಿಮ್ಮ ಮೇಷ್ಟ್ರ ಪಾತ್ರಕ್ಕೆ ಭಾಷಣ ಮಾಡುವ ಚಾಳಿ ಇದೆ, ಅವರ ಬಾಯಿಗೆ ಇದು ಸಿಕ್ಕರೆ ಮುಗಿಯಿತು.

‘ಶ್ಯಾಡೋ’ ತೆಗೆಯಿರಿ. ಟಾಕಿಗೆ ಬೀದಿ ನಂಬರ್ ಇದ್ದ ಹಾಗೆ ನಿಮ್ಮವರಿಗೂ ಒಂದು ನಂಬರ್ ಇದೆ: ಕೆಎ 11. ಊರಿನ ಅರ್ಧ ಬೈಕುಗಳ ಹಿಂದೆ ಈ ಹನ್ನೊಂದನ್ನು ಬಗೆಬಗೆಯಾಗಿ ಬರೆಸಿಕೊಂಡಿರುತ್ತಾರೆ, ಅಲ್ವಾ? ಹುಡುಗ ‘ಪುಟ್ಟ 11’ ಅಂತ ಬರೆಯಲಿ. ಮನೆಯಲ್ಲಿ ಅಮ್ಮ ಕರೆಯುವ ಹೆಸರು. ಗುಟ್ಟಾಗಿ ಉಳಿಯುವುದಕ್ಕೂ ಒಳ್ಳೆಯದು. ಮಂಡ್ಯದ ಬೀದಿಯಲ್ಲಿ ಪುಟ್ಟ ಅಂತ ಕೂಗಿದರೆ ಎಷ್ಟು ಜನ ತಿರುಗುತ್ತಾರೋ!

ಹುಡುಗರು ರಾತ್ರಿ ಮನೆಯಿಂದ ಹೊರಗೆ ಹೇಗೆ ಬರುತ್ತಾರೆ? ನಿಮ್ಮಲ್ಲಿ ಕಿಟಕಿ ಹಾರುತ್ತಾರೆ. ನಮ್ಮ ಮನೆಗಳ ಕಿಟಕಿಗೆ ಸರಳು ಇರುತ್ತದೆ ಸ್ವಾಮಿ. ಹಾರುವುದೂ ಬೇಕಿಲ್ಲ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ರಾತ್ರಿ ಕೊಡುವ ಊರುಗಳಲ್ಲಿ ಹುಡುಗರು ಹನ್ನೆರಡಕ್ಕೋ ಎರಡಕ್ಕೋ ಎದ್ದು ಹೋಗಿ ಮೋಟರ್ ಹಾಕುವುದು, ನೀರು ಕಟ್ಟುವುದು ಮಾಮೂಲಿ. ‘ಗದ್ದೆಗೆ ನೀರು ಕಟ್ಬೇಕು’ ಅಂದರೆ ಅಪ್ಪನೇ ಟಾರ್ಚ್ ಕೊಟ್ಟು ಕಳಿಸುತ್ತಾನೆ. ಇಲ್ಲದಿದ್ದರೆ ಆಲೆಮನೆ ಇದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಒಲೆಗೆ ಸಿಪ್ಪೆ ತಳ್ಳುವವನು ನಿಮ್ಮ ನಾಲ್ವರಲ್ಲಿ ಒಬ್ಬನಾಗಲಿ. ಒಲೆಯ ಬಾಯಿಂದ ಬರುವ ಆ ಕೆಂಪು ಬೆಳಕು ನಿಮ್ಮ ಕ್ಯಾಮೆರಾದವನಿಗೆ ಪುಕ್ಕಟೆ ಸಿಗುವ ಲೈಟು. ನಾಲ್ವರೂ ಕೂತು ಮಾತಾಡುವ ದೃಶ್ಯಗಳನ್ನು ಕೆಫೆಯಿಂದ ಎತ್ತಿ ಅಲ್ಲಿ ಹಾಕಿ.

ಗೋಡೆ ಯಾವುದು? ಇದರ ಬಗ್ಗೆ ನೀವು ಯೋಚಿಸಿದಂತೆ ಕಾಣಲಿಲ್ಲ. ಸ್ಕ್ರಿಪ್ಟ್‌ನಲ್ಲಿ ಸುಮ್ನೆ ‘ಒಂದು ಗೋಡೆ’ ಅಂತಿದೆ. ಬರೆಯುವವನಿಗೆ ಗೋಡೆಯೇ ಎಲ್ಲ: ಯಾರಿಗೆ ಕಾಣುತ್ತದೆ, ಎಷ್ಟು ದಿನ ಉಳಿಯುತ್ತದೆ, ತಪ್ಪಿಸಿಕೊಳ್ಳಲು ದಾರಿ ಎಲ್ಲಿದೆ. ನಿಮ್ಮ ಮನೆ ಬಾಗಿಲಲ್ಲೇ ಒಳ್ಳೆಯ ಗೋಡೆ ಇದೆಯಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. 118 ಕಿಲೋಮೀಟರ್. 2023ರ ಮಾರ್ಚ್ 12ರಂದು ಉದ್ಘಾಟನೆ ಆದದ್ದೂ ಮಂಡ್ಯ ಜಿಲ್ಲೆಯಲ್ಲೇ. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಹತ್ತುವಂತಿಲ್ಲ. ಬೈಪಾಸ್ ಆದಮೇಲೆ ಕಾರುಗಳು ಮಂಡ್ಯದೊಳಗೆ ಬರುವುದೇ ಕಮ್ಮಿ. ಹುಡುಗರ ಹತ್ತಿರ ಇರುವುದು ಒಂದು ಹಳೇ ಬೈಕು. ಆ ರಸ್ತೆ ಅವರದ್ದಲ್ಲ. ಸರ್ವಿಸ್ ರೋಡಿನಲ್ಲಿ ಹೋಗುತ್ತಾ ಪಕ್ಕದಲ್ಲಿ ಉದ್ದಕ್ಕೂ ಕಾಂಕ್ರೀಟ್ ಗೋಡೆ, ಅಂಡರ್‌ಪಾಸ್ ನೋಡುತ್ತಾರೆ. ಹತ್ತಲಾಗದ ರಸ್ತೆಯ ಗೋಡೆ ಮೇಲೆ ಹೆಸರು ಬರೆಯುತ್ತಾರೆ. ಇದಕ್ಕಿಂತ ಹೆಚ್ಚು ವಿವರಣೆ ನಿಮ್ಮ ಹುಡುಗರ ಸಿಟ್ಟಿಗೆ ಬೇಕಾಗಿಲ್ಲ. ಶೂಟಿಂಗ್ ಮಾತ್ರ ಅಲ್ಲಿ ಬೇಡ. ಯಾರದಾದರೂ ಗೋಡೌನ್ ಹಿಂಗೋಡೆ ಹಿಡಿದು ಅಂಡರ್‌ಪಾಸ್ ಮಾಡಿಕೊಳ್ಳಿ. ಗೂಡ್ಸ್ ರೈಲಿನ ದೃಶ್ಯವನ್ನೂ ಬಿಡಿ. ಹಳಿ ಮೇಲೆ ಕಾಲಿಟ್ಟರೂ ರೈಲ್ವೆ ಕಾಯ್ದೆಯ 147ನೇ ಕಲಂ ಬರುತ್ತದೆ, ಅನುಮತಿ ತರುವುದು ನಿಮ್ಮ ಬಜೆಟ್ಟಿನ ಕೆಲಸವಲ್ಲ. ಜೊತೆಗೆ, ಅದು ನಿಜವಾಗಲೂ ನ್ಯೂಯಾರ್ಕಿನ ದೃಶ್ಯವೇ.

ಈಗ ಕೈಕೆಲಸ. ಸಿನಿಮಾ ಗೆಲ್ಲುವುದೋ ಸೋಲುವುದೋ ಇಲ್ಲೇ. ನಿಮ್ಮ ಹುಡುಗ ಕ್ಯಾನ್ ಒತ್ತಿದ ತಕ್ಷಣ ಸುಂದರ ಅಕ್ಷರ ಬರುತ್ತದೆ. ಬರುವುದಿಲ್ಲ. ಒಂದೇ ಕಡೆ ಅರ್ಧ ಸೆಕೆಂಡ್ ಜಾಸ್ತಿ ನಿಂತರೆ ಬಣ್ಣ ಸೋರಿ ಕಣ್ಣೀರಿನ ಹಾಗೆ ಇಳಿಯುತ್ತದೆ. ದೂರ ಹಿಡಿದರೆ ಮಂಜು ಕವಿದಂತೆ ಹರಡುತ್ತದೆ. ಸುಣ್ಣದ ಗೋಡೆ ಬಣ್ಣವನ್ನು ಕುಡಿದುಬಿಡುತ್ತದೆ. ತೋಳು ಪೂರ್ತಿ ಆಡಬೇಕು, ಮಣಿಕಟ್ಟಲ್ಲ. ಕ್ಯಾನ್ ಒಳಗೆ ಬಣ್ಣ ಕಲಕಲು ಒಂದು ಗುಂಡು ಇರುತ್ತದೆ, ಅಲ್ಲಾಡಿಸಿದರೆ ಟಕಟಕ ಅನ್ನುತ್ತದೆ. ರಾತ್ರಿ ಆ ಸದ್ದಿಗೆ ಬೀದಿನಾಯಿಗಳು ಎದ್ದರೆ ಮುಗಿಯಿತು ಕಥೆ. ಅದಕ್ಕೆ ಬರೆಯುವವರು ಮನೆಯಲ್ಲೇ ಚೆನ್ನಾಗಿ ಅಲ್ಲಾಡಿಸಿ, ತಳಕ್ಕೆ ಒಂದು ಅಯಸ್ಕಾಂತ ಅಂಟಿಸುತ್ತಾರೆ. ಗುಂಡು ಕಚ್ಚಿಕೊಳ್ಳುತ್ತದೆ. ಹಳೇ ಸ್ಪೀಕರ್ ಬಿಚ್ಚಿ ಅದರ ಅಯಸ್ಕಾಂತ ತೆಗೆಯುವ ಹುಡುಗ ಮಂಡ್ಯದಲ್ಲಿ ಖಂಡಿತ ಇದ್ದಾನೆ. ಬರೆದು ಮುಗಿಸಿ ಕ್ಯಾನ್ ತಲೆಕೆಳಗು ಮಾಡಿ ಒಮ್ಮೆ ಒತ್ತಬೇಕು, ಇಲ್ಲದಿದ್ದರೆ ಮೂತಿ ಕಟ್ಟಿಕೊಳ್ಳುತ್ತದೆ. ಹೊಸಬ ಇದನ್ನು ಮರೆಯುತ್ತಾನೆ, ಮರುದಿನ ಕ್ಯಾನ್ ವೇಸ್ಟ್.

ಹಳದಿ ಸೋಡಿಯಂ ದೀಪದ ಕೆಳಗೆ ಬಣ್ಣ ಗೊತ್ತಾಗುವುದಿಲ್ಲ. ಕೆಂಪೂ ಕಂದೂ ಒಂದೇ. ಈಗ ಜಾಸ್ತಿ ಕಡೆ ಎಲ್‌ಇಡಿ ಬಂದಿದೆ, ಆದರೆ ಹಳೇ ದೀಪ ಉಳಿದಿರುವ ಒಂದು ಮೂಲೆ ಹುಡುಕಿ. ನೀಲಿ ಅಂದುಕೊಂಡು ಬರೆದದ್ದು ಬೆಳಗ್ಗೆ ನೋಡಿದರೆ ಹಸಿರಾಗಿರುತ್ತದೆ. ಒಳ್ಳೆಯ ನಗು ಬರುವ ದೃಶ್ಯ ಅದು, ನಿಮ್ಮ ಸ್ಕ್ರಿಪ್ಟ್‌ನಲ್ಲಿ ನಗುವೇ ಇಲ್ಲ.

ಹನ್ನೆರಡನೇ ದೃಶ್ಯದಲ್ಲಿ ಒಬ್ಬ ಸಿಗರೇಟ್ ಸೇದುತ್ತಾ ಸ್ಪ್ರೇ ಮಾಡುತ್ತಾನೆ. ದಯವಿಟ್ಟು ಬೇಡ. ಕ್ಯಾನ್ ಒಳಗೆ ಬಣ್ಣವನ್ನು ತಳ್ಳುವುದು ಸಾಮಾನ್ಯವಾಗಿ ಅಡುಗೆ ಗ್ಯಾಸ್ ಜಾತಿಯ ಅನಿಲ. ಸೆಟ್ಟಿನಲ್ಲಿ ಬೆಂಕಿ ಹತ್ತೀತು. ಬಣ್ಣದಲ್ಲಿ ಟಾಲುಯೀನ್, ಜೈಲೀನ್ ಥರದ ದ್ರಾವಕಗಳೂ ಇರುತ್ತವೆ, ತಲೆ ಸುತ್ತುತ್ತದೆ. ಬಟ್ಟೆ ಮಾಸ್ಕು ಅದನ್ನು ತಡೆಯುವುದಿಲ್ಲ. ಪೇಂಟ್ ಬೂತ್‌ನವರು ಹಾಕುವ, ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ತನ್ನಿ. ಮುಚ್ಚಿದ ರೂಮಿನಲ್ಲಿ ರಿಹರ್ಸಲ್ ಬೇಡ.

ಒಂದು ಕ್ಯಾನ್‌ಗೆ 200–300 ರೂಪಾಯಿ ಆಗುತ್ತದೆ. ನಾಲ್ವರ ಹತ್ತಿರ ಅಷ್ಟು ದುಡ್ಡು ಎಲ್ಲಿಂದ? ಅದಕ್ಕೆ ಒಂದು ಪಾತ್ರ ಸೇರಿಸಿ ಅಂತ ನನ್ನ ಸಲಹೆ. ಹಳೇ ಬೋರ್ಡ್ ಪೇಂಟರ್. ಹೆಸರಿನ ಮುಂದೆ ‘ಆರ್ಟ್ಸ್’ ಅಂತ ಹಾಕಿಕೊಂಡು ಅಂಗಡಿ ಬೋರ್ಡು, ಲಾರಿ ಬಾಡಿ, ಸಿಮೆಂಟ್ ಜಾಹೀರಾತು, ಚುನಾವಣೆ ಗೋಡೆ ಬರೆದವರು. ಫ್ಲೆಕ್ಸ್ ಬಂದು ಅವರ ಕೆಲಸ ತಿಂದುಹಾಕಿತು. ಅವರ ಮನೆ ಹಿಂದೆ ಅರ್ಧ ಉಳಿದ ಇನಾಮೆಲ್ ಡಬ್ಬಗಳಿವೆ. ಅವರು ದಾರಕ್ಕೆ ಬಣ್ಣದ ಪುಡಿ ಸವರಿ, ಎರಡು ಕಡೆ ಎಳೆದು ಹಿಡಿಸಿ, ನಡುವೆ ಬೆರಳಲ್ಲಿ ಮೀಟುತ್ತಾರೆ. ಗೋಡೆ ಮೇಲೆ ಕೂದಲೆಳೆಯಷ್ಟು ನೇರ ಗೆರೆ ಬೀಳುತ್ತದೆ. ಈ ಒಂದು ಶಾಟ್‌ಗೆ ನಿಮ್ಮ ಪ್ರೇಕ್ಷಕ ಮೆತ್ತಗಾಗುತ್ತಾನೆ, ಬರೆದಿಟ್ಟುಕೊಳ್ಳಿ.

ಅವರಿಂದ ಕನ್ನಡ ಅಕ್ಷರವೂ ಬರಲಿ. ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ಕೂರುತ್ತವೆ. ಅವನ್ನು ಒಂದಕ್ಕೊಂದು ಹೆಣೆದು ಬಾಣ, ಕೊಂಡಿ ಹಾಕುವುದು ಅಲ್ಲಿಯ ಶೈಲಿ. ನಮ್ಮ ಅಕ್ಷರ ಮೇಲೆ ಗುಡಿಸು ಎತ್ತುತ್ತದೆ, ಕೆಳಗೆ ಒತ್ತು ಇಳಿಸುತ್ತದೆ. ‘ಪುಟ್ಟ’ದಲ್ಲಿ ಆ ಟ ಒತ್ತಿಗೆ ಗೋಡೆಯ ಕೆಳಗೆ ಜಾಗ ಬಿಟ್ಟುಕೊಂಡೇ ಶುರು ಮಾಡಬೇಕು. ನಿಮ್ಮ ಹುಡುಗ ಮೊದಲ ಸಲ ಜಾಗ ಬಿಡದೆ ಬರೆದು, ಒತ್ತು ಚರಂಡಿಗೆ ಇಳಿಯಲಿ. ಗ್ರಾಫಿಟಿಯವರಲ್ಲಿ ದೊಡ್ಡ ಬರಹಗಾರ ತನ್ನ ಹೆಸರಿನ ಮೇಲೆ ಕಿರೀಟ ಬರೆದುಕೊಳ್ಳುವ ಪದ್ಧತಿ ಇದೆ. ನಮ್ಮ ಅಕ್ಷರಕ್ಕೆ ತಲೆಕಟ್ಟು ಇದ್ದೇ ಇದೆ, ಹುಡುಗ ಅದನ್ನೇ ಕಿರೀಟ ಮಾಡಬಹುದು.

ಒಳಗಿನ ನಿಯಮಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎರಡು ಮಾತು ಸಾಕು. ಬರೀ ಸಹಿಯಂತೆ ಗೀಚುವುದು ಟ್ಯಾಗ್. ಎರಡು ಬಣ್ಣದಲ್ಲಿ ಬೇಗ ಊದಿಸಿ ಬರೆಯುವುದು ಥ್ರೋ-ಅಪ್. ಹೊತ್ತು ತೆಗೆದುಕೊಂಡು ಬರೆಯುವ ದೊಡ್ಡದು ಪೀಸ್. ಇನ್ನೊಬ್ಬನ ಹೆಸರಿನ ಮೇಲೆ ಬರೆದರೆ ಅದು ಜಗಳಕ್ಕೆ ಕರೆ. ನಿಮ್ಮಲ್ಲಿ ಜಗಳಕ್ಕೆ ಹುಡುಗಿ ಕಾರಣ. ಬದಲಿಗೆ ನಾಲ್ವರಲ್ಲೇ ಒಬ್ಬನ ಫೋಟೋ ಮುಂದಿನ ಫ್ಲೆಕ್ಸಿನಲ್ಲಿ ಬರಲಿ. ಆ ರಾತ್ರಿ ಪುಟ್ಟ ಅವನ ಹೆಸರಿನ ಮೇಲೆ ತನ್ನ ಹೆಸರು ಬರೆಯಲಿ.

ಪೊಲೀಸ್ ದೃಶ್ಯ. ನೀವು ಲಾಠಿ, ಬೇಡಿ, ಲಾಕಪ್ ಎಲ್ಲ ಇಟ್ಟಿದ್ದೀರಿ. ಹದಿನೆಂಟು ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ಹಾಕುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆ ಮತ್ತು ಅದರ ನಿಯಮಗಳು ಹೇಳುವುದು ಇದು. ಇಂಥ ಸಣ್ಣ ಅಪರಾಧಕ್ಕೆ, ಜೊತೆಯಲ್ಲಿ ದೊಡ್ಡವರು ಇಲ್ಲದಿದ್ದರೆ, ಎಫ್‌ಐಆರ್ ಕೂಡ ಹಾಕುವುದಿಲ್ಲ. ಠಾಣೆಯ ಡೈರಿಯಲ್ಲಿ ಬರೆದುಕೊಂಡು, ಮನೆಯವರಿಗೆ ಹೇಳಿ, ಬಾಲನ್ಯಾಯ ಮಂಡಳಿಗೆ ವರದಿ ಕಳಿಸಬೇಕು. ಪೊಲೀಸರು ನಿಯಮ ಮುರಿಯುವುದನ್ನು ತೋರಿಸಬೇಕು ಅಂದರೆ ತೋರಿಸಿ, ಆದರೆ ಅದು ಮುರಿಯುವುದು ಅಂತ ನಿಮಗೆ ಗೊತ್ತಿರಬೇಕು.

ನನಗೆ ಅದಕ್ಕಿಂತ ಇಷ್ಟವಾಗುವುದು ಬೇರೆ. ರಾತ್ರಿ ಬೀಟಿನ ಕಾನ್‌ಸ್ಟೇಬಲ್ ಟಾರ್ಚ್ ಬಿಡುತ್ತಾನೆ. ಹೊಡೆಯುವುದಿಲ್ಲ. ಮೊದಲು ಕೇಳುವುದು ಒಂದೇ: ‘ಯಾರ್ ಮಗನ್ಲಾ ನೀನು?’ ಮಂಡ್ಯದಲ್ಲಿ ಯಾರೇ ಆಗಲಿ ಮೊದಲು ಕೇಳುವುದು ಇದೇ ಅಲ್ವಾ? ಗೋಡೆ ಮೇಲೆ ಅವನ ಹೆಸರು ಇನ್ನೂ ಹಸಿಯಾಗಿದೆ. ಹುಡುಗ ಅಪ್ಪನ ಹೆಸರು ಹೇಳಿದರೆ ಬಿಟ್ಟುಬಿಡುತ್ತಾರೆ, ಅಪ್ಪ ಪರಿಚಯದವರು. ಹೇಳುತ್ತಾನೋ ಇಲ್ಲವೋ? ನಿಮ್ಮ ಸಿನಿಮಾದ ನಡುಬೆನ್ನು ಆ ನಾಲ್ಕು ಸೆಕೆಂಡು.

ಮನೆಯ ದೃಶ್ಯಗಳು ಚೆನ್ನಾಗಿವೆ, ಅಪ್ಪ ಸ್ವಲ್ಪ ಕಿರುಚುವುದು ಕಮ್ಮಿ ಮಾಡಲಿ. 1983ರ ‘ಸ್ಟೈಲ್ ವಾರ್ಸ್’ ಸಾಕ್ಷ್ಯಚಿತ್ರ ಸಿಕ್ಕರೆ ನೋಡಿ. ಅದರಲ್ಲಿ ಒಬ್ಬ ಹುಡುಗ ತನ್ನ ಅಮ್ಮನ ಜೊತೆ ಕೂತು ಈ ಬಗ್ಗೆ ವಾದ ಮಾಡುತ್ತಾನೆ. ಅವಳಿಗೆ ಇದೆಲ್ಲ ತಲೆಬುಡವಿಲ್ಲದ ಕೆಲಸ, ಆದರೂ ಎದ್ದು ಹೋಗುವುದಿಲ್ಲ. ನಿಮ್ಮ ತಾಯಿಯ ಪಾತ್ರವೂ ಹಾಗೆ ಕೂತು ಮಾತಾಡಲಿ, ಬಾಗಿಲ ಹಿಂದೆ ಅಳುವುದು ಬೇಡ.

ಶ್ರೀರಂಗಪಟ್ಟಣದ ಕೋಟೆ ಗೋಡೆಗೆ ಹುಡುಗರು ಬಣ್ಣ ಹೊಡೆಯುವ ದೃಶ್ಯವನ್ನು ಕತ್ತರಿಸಿ. ಸಂರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ಅದಿರಲಿ, ಅಷ್ಟು ಮಾಡಿದ ಹುಡುಗರ ಮೇಲೆ ನೋಡುವವರಿಗೆ ಪ್ರೀತಿ ಉಳಿಯುವುದಿಲ್ಲ. ಶ್ರೀರಂಗಪಟ್ಟಣ ಬೇಕೇ ಬೇಕು ಅಂದರೆ ಸ್ಕೂಲ್ ಟ್ರಿಪ್‌ನಲ್ಲಿ ಟಿಪ್ಪುವಿನ ಅರಮನೆ ದರಿಯಾ ದೌಲತ್‌ಗೆ ಕರೆದುಕೊಂಡು ಹೋಗಿ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್, ಟಿಪ್ಪು ಇಂಗ್ಲಿಷರನ್ನು ಗೆದ್ದದ್ದನ್ನು ಅಲ್ಲಿ ಗೋಡೆ ತುಂಬ ಬರೆಸಿದ್ದಾರೆ. ಆ ಚಿತ್ರಗಳನ್ನೂ ಒಮ್ಮೆ ಸುಣ್ಣ ಹೊಡೆದು ಮುಚ್ಚಿದ್ದರು, ಮತ್ತೆ ಬರೆಸಿದರು. ಗೈಡ್ ಅದನ್ನು ಹೇಳುತ್ತಿರುವಾಗ ಪುಟ್ಟನ ಮುಖ ಮಾತ್ರ ತೋರಿಸಿ ಮುಂದೆ ಹೋಗಿ.

ನಟರ ವಿಷಯ ಮುಖ್ಯ. ನೀವು ನಿಜವಾದ ಪಿಯುಸಿ ಹುಡುಗರನ್ನೇ ಹಾಕಿಕೊಂಡಿದ್ದೀರಿ. 1986ರ ಬಾಲಕಾರ್ಮಿಕ ಕಾಯ್ದೆ, 2016ರಲ್ಲಿ ತಿದ್ದುಪಡಿ ಆದ ಮೇಲೆ, 14ರಿಂದ 18ರ ಒಳಗಿನವರನ್ನು ಸಂಜೆ 7ರಿಂದ ಬೆಳಗ್ಗೆ 8ರ ತನಕ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ. ನಿಮ್ಮ ಸಿನಿಮಾ ಪೂರ್ತಿ ಆ ಹೊತ್ತಿನಲ್ಲೇ ನಡೆಯುತ್ತದಲ್ಲ! ಮೀಸೆ ಸರಿಯಾಗಿ ಬಾರದ ಹತ್ತೊಂಬತ್ತರ ಹುಡುಗರನ್ನು ಹುಡುಕಿ, ಮಂಡ್ಯ–ಮೈಸೂರಿನ ಕಾಲೇಜು ನಾಟಕ ತಂಡಗಳಲ್ಲಿ ಸಿಗುತ್ತಾರೆ. ದೂರದ ಶಾಟ್‌ಗಳನ್ನು ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷದಲ್ಲಿ ತೆಗೆಯಿರಿ. ಆಕಾಶ ನೀಲಿ ಇರುತ್ತದೆ, ಬೀದಿ ದೀಪ ಹತ್ತಿರುತ್ತದೆ, ಕಡಿಮೆ ದುಡ್ಡಿನ ಕ್ಯಾಮೆರಾಕ್ಕೂ ಮುಖ ಕಾಣುತ್ತದೆ.

ಇನ್ನು ಕೊನೆ. ಹುಡುಗರು ತಿದ್ದಿಕೊಳ್ಳುತ್ತಾರೆ, ಡಿಸಿ ಸಾಹೇಬರು ಕರೆದು ಸ್ವಚ್ಛತೆಯ ಚಿತ್ರ ಬರೆಸುತ್ತಾರೆ, ಎಲ್ಲರೂ ಚಪ್ಪಾಳೆ. ನಿಮಗೇ ಒಪ್ಪಿಗೆಯಾಗದ್ದು ನೋಡುವವರಿಗೆ ಹೇಗೆ ಆದೀತು? ಬೀದಿಯನ್ನೇ ಕ್ಯಾನ್ವಾಸ್ ಮಾಡಿಕೊಂಡ ಒಳ್ಳೆಯ ಕಲಾವಿದರು ನಮ್ಮಲ್ಲೇ ಇದ್ದಾರೆ. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯಲ್ಲಿ ಮೊಸಳೆ ಕೂರಿಸಿದ್ದು ಎಲ್ಲರಿಗೂ ನೆನಪಿದೆ. ಆದರೆ ಅದರಲ್ಲಿ ಊರಿಗೆ ಹೇಳುವ ಒಂದು ಮಾತಿತ್ತು. ಪುಟ್ಟನಿಗೆ ಊರಿಗೆ ಹೇಳುವುದು ಏನೂ ಇಲ್ಲ, ತಾನು ಇದ್ದೇನೆ ಅನ್ನುವುದನ್ನು ಬಿಟ್ಟು. ಅವನನ್ನು ಸಮಾಜ ಸೇವಕ ಮಾಡಿದರೆ ಅವನನ್ನೇ ಅಳಿಸಿದಂತೆ.

ನಾನಾದರೆ ಹೀಗೆ ಮಾಡುತ್ತೇನೆ. ಚುನಾವಣೆಯೋ ಟ್ಯೂಷನ್ನೋ, ಯಾವುದೋ ಜಾಹೀರಾತಿಗೆ ಆ ಗೋಡೆಗೆ ಬಿಳಿ ಹೊಡೆಯುವ ಕೆಲಸ ಬರುತ್ತದೆ. ಬಹಳ ದಿನದ ಮೇಲೆ ಕೆಲಸ ಸಿಕ್ಕ ಪೇಂಟರ್ ಪುಟ್ಟನನ್ನೇ ಕೂಲಿಗೆ ಕರೆಯುತ್ತಾರೆ. ಅವನ ಹೆಸರಿನ ಮೇಲೆ ಅವನೇ ಬಿಳಿ ಹೊಡೆಯಬೇಕು. ಹೊಡೆಯುತ್ತಾನೆ, ಕೂಲಿ ತೆಗೆದುಕೊಳ್ಳುತ್ತಾನೆ. ಜಾಹೀರಾತು ಬರೆದು ಮುಗಿದ ಮೇಲೆ ಪೇಂಟರ್ ರೂಢಿಯಂತೆ ಮೂಲೆಯಲ್ಲಿ ‘ಆರ್ಟ್ಸ್’ ಅಂತ ತಮ್ಮ ಹೆಸರು ಹಾಕುತ್ತಾರಲ್ಲ, ಆ ಬ್ರಷ್ ಅವನ ಕೈಗೆ ಕೊಡುತ್ತಾರೋ ಇಲ್ಲವೋ, ಅದನ್ನು ನೀವು ತೀರ್ಮಾನಿಸಿ.

ಒಂದು ಖರ್ಚು ನಿಮ್ಮ ಬಜೆಟ್ಟಿನಲ್ಲಿ ಕಾಣಲಿಲ್ಲ. ಶೂಟಿಂಗ್‌ಗೆ ಗೋಡೆ ಕೊಟ್ಟವರಿಂದ ಒಂದು ಹಾಳೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ, ಸ್ಟೇಷನ್ನಿಗೆ ಮೊದಲೇ ತಿಳಿಸಿ. ಮುಗಿದ ಮೇಲೆ ಗೋಡೆಯನ್ನು ಮೊದಲಿನಂತೆ ಮಾಡಿಕೊಡಬೇಕು. ಸ್ಪ್ರೇ ಬಣ್ಣದ ಮೇಲೆ ಬರೀ ಸುಣ್ಣ ಹೊಡೆದರೆ ನಿಲ್ಲುವುದಿಲ್ಲ, ಒಳಗಿನ ಅಕ್ಷರ ಇಣುಕುತ್ತದೆ. ಉಜ್ಜುಕಾಗದದಲ್ಲಿ ಉಜ್ಜಿ, ಪ್ರೈಮರ್ ಕೊಟ್ಟು, ಮೇಲೆ ಎರಡು ಕೋಟ್ ಎಮಲ್ಷನ್. ಅದಕ್ಕೆ ಈಗಲೇ ದುಡ್ಡು ತೆಗೆದಿಡಿ. ಹೊಸ ಡ್ರಾಫ್ಟ್ ಆದಮೇಲೆ ಕಳಿಸಿ, ಜಾಕೆಟ್ ಇಲ್ಲದೆ.